ಕೂಲೆಸ್ಟ್ ಕೂಲರ್: ಸೋತ ಕ್ಯಾಂಪೇನ್ ಮತ್ತೆ ಹಾಕುವಾಗ ಟಾರ್ಗೆಟ್ ಇಳಿಸಿದರೆ ಸಾಕಾ?

ಡಬ್ಬಿಗಾಡಿ: ಬ್ಲೆಂಡರ್, ಬ್ಲೂಟೂತ್ ಸ್ಪೀಕರ್ ಎಲ್ಲ ಸೇರಿಸಿದ ಐಸ್ ಪೆಟ್ಟಿಗೆ ಅದು. 2013ರ ನವೆಂಬರ್‌ನಲ್ಲಿ ಕಿಕ್‌ಸ್ಟಾರ್ಟರ್‌ಗೆ (ಹೊಸ ವಸ್ತು ಮಾಡೋಕೆ ಜನರಿಂದ ಮೊದಲೇ ದುಡ್ಡು ಸೇರಿಸುವ ಸೈಟು) ಬಂದು 1,25,000 ಡಾಲರ್ ಕೇಳಿ, ಸುಮಾರು 1,02,000ಕ್ಕೆ ನಿಂತಿತು. ಟಾರ್ಗೆಟ್ ಮುಟ್ಟದಿದ್ದರೆ ಬಿಡಿಗಾಸೂ ಇಲ್ಲ ಅನ್ನೋದು ಅಲ್ಲಿಯ ನಿಯಮ. 2014ರ ಜುಲೈನಲ್ಲಿ ಮತ್ತೆ ಬಂದಾಗ ಟಾರ್ಗೆಟ್ ಬರೀ 50,000. ಬಂದದ್ದು 62,642 ಜನರಿಂದ 1,32,85,226 ಡಾಲರ್. ಹಾಗಾದರೆ ಟಾರ್ಗೆಟ್ ಇಳಿಸಿದ್ದೇ ಗುಟ್ಟಾ? ಉದಾಹರಣೆಗೆ ಮಾರೋದು ಬ್ಯಾಟರಿಯಲ್ಲಿ ಬಿಸಿಯಾಗುವ ಊಟದ ಡಬ್ಬಿ, ಬೆಲೆ 2,400 ರೂಪಾಯಿ ಅಂದುಕೊಂಡು ಲೆಕ್ಕ ಹೇಳಿ.

ಅಚ್ಚುಮೊಳೆ: ಅಲ್ಲ. ಮೊದಲ ಸಲ ಐಸ್ ಪೆಟ್ಟಿಗೆಯನ್ನು ಅಮೆರಿಕದ ಚಳಿಗಾಲದ ಬಾಗಿಲಲ್ಲಿ ಮಾರೋಕೆ ಹೊರಟಿದ್ದರು. ಎರಡನೇ ಸಲ ನಡುಬೇಸಿಗೆ, ನೋಡೋಕೆ ಚೆಂದವಾದ ಮಾದರಿ, ಜೊತೆಗೆ ಮೊದಲ ಸಲ ಒಪ್ಪಿದ್ದ ಗಿರಾಕಿಗಳ ಗುಂಪು ಕೈಯಲ್ಲಿತ್ತು. ಸೋತ ಕ್ಯಾಂಪೇನಿನಿಂದ ಉಳಿಯುವ ನಿಜವಾದ ಆಸ್ತಿ ಆ ಗುಂಪೇ.

ಮತ್ತೆ ಹಾಕುವ ಮೊದಲು ಹಳೆಯ ಪುಟದ ಅಂಕಿ ತೆಗೆದು ನೋಡಿ. ಪುಟಕ್ಕೆ ಬಂದವರೇ ಕಡಿಮೆ ಅಂದರೆ ಪ್ರಚಾರದ ತಪ್ಪು. ಬಂದು, ವಿಡಿಯೊ ಪೂರ್ತಿ ನೋಡಿ, ದುಡ್ಡು ಹಾಕದೆ ಹೋದರೆ ಬೆಲೆ ಅಥವಾ ನಂಬಿಕೆಯ ತಪ್ಪು. ವಿಡಿಯೊ ಅರ್ಧಕ್ಕೇ ಬಿಟ್ಟರೆ ವಸ್ತು ಏನು ಅನ್ನೋದೇ ತಲೆಗೆ ಹೋಗಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ. ಟಾರ್ಗೆಟ್ ಇಳಿಸೋದು ಯಾವುದಕ್ಕೂ ಮದ್ದಲ್ಲ.

ಲೆಕ್ಕದಪುಸ್ತಕ: ಡಬ್ಬಿ ಲೆಕ್ಕ, ಜಿಎಸ್‌ಟಿ ಬಿಟ್ಟು, ಅಂದಾಜಿನ ಅಂಕಿಯಲ್ಲಿ. 2,400ರಲ್ಲಿ ಸೈಟು ಮತ್ತು ಪೇಮೆಂಟ್ ಗೇಟ್‌ವೇ ಶೇ 10 ತಿಂದರೆ 240. ಮಾಲು, ಜೋಡಣೆ 1,250. ಪ್ಯಾಕಿಂಗ್, ಕೊರಿಯರ್ 210. ಕೆಟ್ಟು ವಾಪಸ್ ಬರುವುದಕ್ಕೆ 50. ಉಳಿಯೋದು 650. ಇನ್ನು ಒಂದೇ ಸಲದ ಖರ್ಚು: ಪ್ಲಾಸ್ಟಿಕ್ ಮೋಲ್ಡ್ (ಅಚ್ಚು) 4.5 ಲಕ್ಷ, ಟೆಸ್ಟಿಂಗ್ 1 ಲಕ್ಷ, ಫೋಟೊ-ವಿಡಿಯೊ 1 ಲಕ್ಷ, ಒಟ್ಟು 6.5 ಲಕ್ಷ. 650ರಿಂದ ಭಾಗಿಸಿ: 1,000 ಡಬ್ಬಿ. ಅಂದರೆ ಟಾರ್ಗೆಟ್ 24 ಲಕ್ಷ.

"ಗೆದ್ದ ಹಾಗೆ ಕಾಣಲಿ" ಅಂತ 5 ಲಕ್ಷ ಇಟ್ಟಿರಿ ಅನ್ನಿ. 208 ಡಬ್ಬಿಗೆ ಉಳಿತಾಯ 1,35,200. ಮೋಲ್ಡ್‌ಗೂ ಸಾಲದು, ಆದರೆ ಡಬ್ಬಿ ಕೊಡಲೇಬೇಕು! ಇದಕ್ಕಿಂತ ಸೋಲೇ ವಾಸಿ.

ಡಬ್ಬಿಗಾಡಿ: ಆದರೆ ಕೂಲರ್‌ನವರಿಗೆ ಕೋಟಿಗಟ್ಟಲೆ ಡಾಲರ್ ಬಂತಲ್ಲ?

ಲೆಕ್ಕದಪುಸ್ತಕ: ಬಂತು, ಮುಳುಗಿತು ಕೂಡ. ಒಂದು ಕೂಲರ್‌ಗೆ ಗಿರಾಕಿ ಕೊಟ್ಟ 185 ಡಾಲರ್‌ನಲ್ಲಿ ಸೈಟಿಗೆ ಶೇ 5, ಅಂದರೆ 9.25, ಪೇಮೆಂಟ್ ಶುಲ್ಕ ಬೇರೆ. ಕೈಗೆ ಸುಮಾರು 170. ಪೆಟ್ಟಿಗೆ ತಯಾರಿಕೆಗೇ ಅದಕ್ಕಿಂತ ಹೆಚ್ಚು ತಗಲಿತು. ಒಂದೊಂದರ ಮೇಲೂ ನಷ್ಟ ಇದ್ದಾಗ ಗಿರಾಕಿ ಹೆಚ್ಚಾದಷ್ಟೂ ಹೊಂಡ ಆಳ. ಬ್ಲೆಂಡರ್ ಮೋಟಾರ್ ಕಾರ್ಖಾನೆಯ ಮುಷ್ಕರ ಬೇರೆ. ದುಡ್ಡಿಗಾಗಿ ಅಮೆಜಾನ್‌ನಲ್ಲಿ ದುಬಾರಿಗೆ ಮಾರಿದರು. ಮೊದಲೇ ಕೊಟ್ಟವರು ಇನ್ನೂ ಕಾಯುತ್ತಿದ್ದರು, ಕೆರಳಿದರು. ಬೇಗ ಬೇಕಾದರೆ ಇನ್ನೂ 97 ಡಾಲರ್ ಕೊಡಿ ಅಂತ 2016ರಲ್ಲಿ ಕೇಳಿದರು. 2019ರ ಡಿಸೆಂಬರ್‌ನಲ್ಲಿ, ಆಮದು ಸುಂಕದ ಕಾರಣ ಹೇಳಿ ಅಂಗಡಿ ಮುಚ್ಚಿದಾಗ ಸಾವಿರಾರು ಜನರಿಗೆ ಪೆಟ್ಟಿಗೆ ಸಿಕ್ಕಿರಲಿಲ್ಲ.

ಅಚ್ಚುಮೊಳೆ: ಡಬ್ಬಿಗೆ ಎರಡು ಮಾತು. ಲಿಥಿಯಂ ಸೆಲ್ ಆದರೆ ಬ್ಯಾಟರಿ ಸುರಕ್ಷತೆಯ ಮಾನದಂಡ ಐಎಸ್ 16046ರ ಪ್ರಕಾರ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಇರುವುದನ್ನೇ ಕೊಳ್ಳಿ. ವಿಮಾನದಲ್ಲಿ ಕಳಿಸೋಕೆ ನಿರ್ಬಂಧ ಇರೋದರಿಂದ ಕೊರಿಯರ್ ದರ ಮೊದಲೇ ಬರಹದಲ್ಲಿ ತರಿಸಿಕೊಳ್ಳಿ. ಇನ್ನೊಂದು, "ಚೆನ್ನಾಗಿದೆ" ಅಂದವರ ಪಟ್ಟಿ ನಂಬಬೇಡಿ. ವಾಪಸ್ ಕೊಡುವ ಷರತ್ತಿನಲ್ಲಿ 100 ರೂಪಾಯಿ ಮುಂಗಡ ಕೇಳಿ, ಕೊಟ್ಟವರನ್ನು ಮಾತ್ರ ಎಣಿಸಿ. ಆ ಎಣಿಕೆ 1,000ದ ಹತ್ತಿರಕ್ಕೂ ಬರದಿದ್ದರೆ ಮೋಲ್ಡ್ ಆರ್ಡರ್ ಬೇಡ. ಬಜಾರಲ್ಲಿ ಸಿಗುವ ಸ್ಟೀಲ್ ಡಬ್ಬಿಗೇ ಹೀಟರ್ ಕೂರಿಸಿ 50 ಪೀಸ್ ಮಾಡಿ ನೋಡಿ.