‘ನಿಗದಿತ ಕೊಡುಗೆ’ ಪಿಂಚಣಿ: ಈ ಪದ ಸರಿಯೇ?

ನಮಸ್ಕಾರ,

ಕಚೇರಿಯ ಪಿಂಚಣಿ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಕಡೆ ಪದ ಸಿಗದೆ ನಿಂತಿದ್ದೇನೆ, ನಿಮ್ಮ ಸಹಾಯ ಬೇಕು.

ಮೊದಲನೆಯದು ಡಿಫೈನ್ಡ್ ಬೆನಿಫಿಟ್, ಡಿಫೈನ್ಡ್ ಕಾಂಟ್ರಿಬ್ಯೂಷನ್ ಎಂಬ ಜೋಡಿ. ಕರಡಿನಲ್ಲಿ ‘ನಿಗದಿತ ಪ್ರಯೋಜನ’, ‘ನಿಗದಿತ ಕೊಡುಗೆ’ ಎಂದು ಬರೆದಿದ್ದೆ. ಸಹೋದ್ಯೋಗಿಯೊಬ್ಬರು ಎರಡನೆಯದರ ಮೇಲೆ ಬೆರಳಿಟ್ಟು, “ಅಂದ್ರೆ ರಿಟೈರ್ ಆದ್ಮೇಲೆ ತಿಂಗಳಿಗೆ ಇಷ್ಟು ಅಂತ ಕಂಪನಿ ಕೊಡುತ್ತೆ, ಅಲ್ವಾ?” ಎಂದರು. ಅರ್ಥ ಪೂರ್ತಿ ತಲೆಕೆಳಗಾಗಿತ್ತು.

ತಪ್ಪು ಅವರದಲ್ಲ. ಕನ್ನಡದಲ್ಲಿ ಕೊಡುಗೆ ಎಂದರೆ ಇನ್ನೊಬ್ಬರು ಕೊಡುವುದು. ಆದರೆ ಡಿಫೈನ್ಡ್ ಕಾಂಟ್ರಿಬ್ಯೂಷನ್‌ನಲ್ಲಿ ಗೊತ್ತಿರುವುದು ತಿಂಗಳು ತಿಂಗಳು ಕಟ್ಟುವ ಹಣ ಮಾತ್ರ. ಕೊನೆಗೆ ಎಷ್ಟು ಸಿಗುತ್ತದೆ ಎಂಬುದು ಹೂಡಿಕೆ ಬೆಳೆದಷ್ಟು. ಬೆಳೆಯದಿದ್ದರೆ ಪೆಟ್ಟು ನೌಕರರಿಗೆ. ಮೊದಲ ಬಗೆಯಾದ ಡಿಫೈನ್ಡ್ ಬೆನಿಫಿಟ್‌ನಲ್ಲಿ ಹಾಗಲ್ಲ. ಸಂಬಳ ಮತ್ತು ಸೇವೆಯ ವರ್ಷಗಳ ಲೆಕ್ಕದಲ್ಲಿ ಪಿಂಚಣಿ ಗೊತ್ತಾಗಿರುತ್ತದೆ, ನಿಧಿ ಸಾಲದಿದ್ದರೆ ತುಂಬುವ ಹೊಣೆ ಹೆಚ್ಚಾಗಿ ಮಾಲೀಕರದು. ಎರಡಕ್ಕೂ ‘ನಿಗದಿತ’ ಎಂದು ಹಚ್ಚಿದರೆ ಈ ದೊಡ್ಡ ವ್ಯತ್ಯಾಸವೇ ಮುಚ್ಚಿಹೋಗುತ್ತದೆ.

ಇದು ಸುಮ್ನೆ ಪದದ ಜಗಳವಲ್ಲ. ಎಷ್ಟೋ ದೇಶಗಳು ಎರಡನೆಯ ಬಗೆಯತ್ತ ವಾಲುತ್ತಿವೆ. ನೆದರ್ಲೆಂಡ್ಸ್‌ನಲ್ಲಿ 2023ರ ಜುಲೈನಲ್ಲಿ ಜಾರಿಗೆ ಬಂದ ಕಾನೂನು ಈ ಬದಲಾವಣೆಗೆ 2028ರ ಜನವರಿಯ ಗಡುವು ಇಟ್ಟಿದೆ. ಹಣದ ಅಪಾಯ ತಮ್ಮ ಹೆಗಲಿಗೆ ಬರುತ್ತಿದೆ ಎಂದು ನೌಕರರಿಗೆ ಪದದಲ್ಲೇ ತಿಳಿಯಬೇಕು.

‘ಖಚಿತ ಪಿಂಚಣಿ’, ‘ವಂತಿಗೆ ಪಿಂಚಣಿ’ ಎಂದರೆ ಹೇಗೆ? ಒಂದೇ ಅನುಮಾನ. ವಂತಿಗೆ ಎಂದರೆ ಹತ್ತು ಜನ ಸೇರಿ ಒಂದು ಕೆಲಸಕ್ಕೆ ಹಾಕುವ ಪಾಲು. ನನ್ನದೇ ಖಾತೆಗೆ ಸೇರುವ ಹಣಕ್ಕೆ ಅದು ಒಪ್ಪುತ್ತದೆಯೇ? ‘ಕಟ್ಟುಪಾಲು’ ಎಂದೂ ಯೋಚಿಸಿದೆ, ಆದರೆ ಕಿವಿಗೆ ‘ಕಟ್ಟುಪಾಡು’ ಎಂದೇ ಬೀಳುತ್ತದೆ.

ಇನ್ನೊಂದು, ಪಿಂಚಣಿ ನಿಧಿಯ ಟ್ರಸ್ಟಿ, ಅಂದರೆ ಸದಸ್ಯರ ಪರವಾಗಿ ನಿಧಿಯನ್ನು ಕಾಯುವವರು, ಮತ್ತು ಅವರ ಕೆಲಸವಾದ ಗವರ್ನೆನ್ಸ್. ‘ಧರ್ಮದರ್ಶಿ’ ಎಂದರೆ ದೇವಸ್ಥಾನ ಕಣ್ಣಿಗೆ ಬರುತ್ತದೆ. ‘ಟ್ರಸ್ಟಿ’ ಎಂದೇ ಇಡುವುದು ಮೇಲು ಅನಿಸುತ್ತದೆ. ಆದರೆ ಗವರ್ನೆನ್ಸ್‌ಗೆ ‘ಆಡಳಿತ’ ಸಾಲದು. ಲೆಕ್ಕ ಇಡುವುದು, ಹಣ ಪಾವತಿಸುವುದು ಆಡಳಿತ. ಆ ಹಣ ಸದಸ್ಯರಿಗೇ ಸೇರಬೇಕು, ಮಾಲೀಕರು ಕೈಹಾಕಬಾರದು ಎಂದು ಕಾಯುವುದು ಬೇರೆಯೇ ಕೆಲಸ. 1991ರಲ್ಲಿ ಬ್ರಿಟನ್ನಿನ ಪತ್ರಿಕಾ ಮಾಲೀಕ ರಾಬರ್ಟ್ ಮ್ಯಾಕ್ಸ್‌ವೆಲ್ ಸತ್ತ ಮೇಲೆ, ಅವರ ಕಂಪನಿಗಳ ಪಿಂಚಣಿ ನಿಧಿಯಿಂದ 40 ಕೋಟಿ ಪೌಂಡಿಗೂ ಜಾಸ್ತಿ ಹಣ ಕಾಣೆಯಾಗಿದ್ದು ಬಯಲಾಯಿತು. ಅಲ್ಲಿ ಕೆಟ್ಟಿದ್ದು ಲೆಕ್ಕ ಬರೆಯುವ ಕೆಲಸವೊಂದೇ ಅಲ್ಲ, ಕಾಯುವ ಕೆಲಸ.

‘ಉಸ್ತುವಾರಿ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಉತ್ತರ ಕೊಡಬೇಕಾದ ಹೊಣೆ ಕೇಳಿಸುವುದಿಲ್ಲ. ‘ಹೊಣೆ-ಉಸ್ತುವಾರಿ’ ಎಂದು ಜೋಡಿಸಿದರೆ ತೀರಾ ಭಾರವಾಯಿತೇ? ಕಾರ್ಮಿಕ ಸಂಘ, ಬ್ಯಾಂಕು, ವಿಮೆಯ ಕೆಲಸದಲ್ಲಿರುವವರು ದಿನಾ ಬಳಸುವ ಮಾತು ಬೇರೆ ಇದ್ದರೆ ದಯವಿಟ್ಟು ತಿಳಿಸಿ.