ಉಬ್ಬರ ಬರುವ ಸಿಹಿನೀರ ಹೊಂಡದಲ್ಲಿ ಡಕ್‌ವೀಡ್ ಯಾಕೆ ಎಲ್ಲವನ್ನೂ ಮುಚ್ಚಿಬಿಡುವುದಿಲ್ಲ?

ತಾರಸಿ ತೊಟ್ಟಿ, ಜೆ.ಪಿ. ನಗರ:
ನಮ್ಮ ತಾರಸಿ ಮೇಲೆ ಒಂದು ಸಿಮೆಂಟ್ ತೊಟ್ಟಿ ಇದೆ. ನೈದಿಲೆ ಹಾಕಿದ್ದೇನೆ, ನೀರೊಳಗೆ ಹೈಡ್ರಿಲ್ಲಾ ಮತ್ತು ವ್ಯಾಲಿಸ್ನೇರಿಯಾ. ನರ್ಸರಿ ಗಿಡದ ಜೊತೆ ಡಕ್‌ವೀಡ್, ಅಂದರೆ ನೀರಿನ ಮೇಲೆ ತೇಲುವ ಪುಟ್ಟ ಹಸಿರು ಗಿಡ, ಬಂದು ಸೇರಿಕೊಂಡಿತು, ಈಗ ನೀರೇ ಕಾಣುವುದಿಲ್ಲ, ಕೆಳಗಿನ ಗಿಡಗಳು ಕಂದಾಗಿ ಕೊಳೆಯುತ್ತಿವೆ. ಅಮೆರಿಕದ ಹಡ್ಸನ್ ನದಿಯ ಜೌಗಿನ ಬಗ್ಗೆ ಓದುತ್ತಿದ್ದೆ. ಅಲ್ಲಿ ಸಿಹಿನೀರಿಗೂ ಉಬ್ಬರ ಇಳಿತ ಇದೆಯಂತೆ, ಡಕ್‌ವೀಡ್ ಇದ್ದರೂ ಮುಳುಗಿ ಬೆಳೆಯುವ ಗಿಡಗಳು ಚೆನ್ನಾಗಿವೆಯಂತೆ. ಉಬ್ಬರ ಅಂದ ಮೇಲೆ ಉಪ್ಪುನೀರು ತಾನೇ? ಮತ್ತೆ ಅಲ್ಲಿ ಸಾಧ್ಯವಾಗಿದ್ದು ನನ್ನ ತೊಟ್ಟಿಯಲ್ಲಿ ಯಾಕೆ ಆಗುತ್ತಿಲ್ಲ?

ಕುಮಟಾದವ, ಸದ್ಯ ಯಲಹಂಕ:
ಉಪ್ಪಿನದು ನಾನು ಹೇಳುತ್ತೇನೆ. ಉಬ್ಬರದ ಹೊತ್ತಿಗೆ ಸಮುದ್ರ ನದಿಯನ್ನು ಹಿಂದಕ್ಕೆ ತಳ್ಳುತ್ತದೆ. ಉಪ್ಪು ಒಂದಷ್ಟು ದೂರ ಬಂದು ನಿಲ್ಲುತ್ತದೆ, ನೀರಿನ ಏರಿಳಿತ ಮಾತ್ರ ಅದನ್ನೂ ದಾಟಿ ಮೇಲಕ್ಕೆ ಹೋಗುತ್ತದೆ. ಹಡ್ಸನ್‌ನಲ್ಲಿ ಅದು ಟ್ರಾಯ್ ಅಣೆಕಟ್ಟಿನವರೆಗೆ, ಅಂದರೆ ನ್ಯೂಯಾರ್ಕ್ ಬಂದರಿನಿಂದ ಸುಮಾರು 240 ಕಿ.ಮೀ. ಮೇಲಿನವರೆಗೆ ಹೋಗುತ್ತದೆ. ಸಮುದ್ರದ ನೀರಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದ್ದರೆ ಇಂಥ ಜಾಗದಲ್ಲಿ ಅರ್ಧ ಗ್ರಾಂ ಕೂಡ ಇರುವುದಿಲ್ಲ. ನಮ್ಮ ಅಘನಾಶಿನಿ ನದಿಯ ಗಜನಿ ಗದ್ದೆ, ಅಂದರೆ ಉಬ್ಬರದ ನೀರು ಬರುವ ತಗ್ಗು ಗದ್ದೆ, ಬೇರೆ ಥರ. ಮಳೆಗಾಲದಲ್ಲಿ ನೀರು ಸಿಹಿಯಾದಾಗ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ, ಮಳೆ ನಿಂತ ಮೇಲೆ ಉಪ್ಪುನೀರು ಒಳಗೆ ಬರುತ್ತದೆ.

ಕೆರೆ ಏರಿ:
ತೊಟ್ಟಿಯ ವಿಷಯಕ್ಕೆ ಬರೋಣ. ಡಕ್‌ವೀಡ್ ಗೆಲ್ಲುವುದು ನೀರು ನಿಂತಲ್ಲಿ ಮಾತ್ರ. ಅದಕ್ಕೆ ಮಣ್ಣು ಬೇಡ, ಗೊಬ್ಬರವನ್ನೆಲ್ಲ ನೀರಿನಿಂದಲೇ ಹೀರುತ್ತದೆ, ಬೆಳಕಿಗೆ ಎಲ್ಲರಿಗಿಂತ ಮೇಲೆ ಕೂತಿರುತ್ತದೆ. ಆದರೆ ಅದಕ್ಕೆ ಹಿಡಿತ ಅನ್ನುವುದೇ ಇಲ್ಲ. ಹಡ್ಸನ್ ಕಡೆ ದಿನಕ್ಕೆ ಎರಡು ಸಲ ನಾಲ್ಕು ಅಡಿಯಷ್ಟು ನೀರು ಏರಿ ಇಳಿಯುತ್ತದೆ, ಇಳಿಯುವಾಗ ತೇಲುವ ಗಿಡಗಳನ್ನೂ ಎಳೆದುಕೊಂಡು ಹೋಗುತ್ತದೆ. ವ್ಯಾಲಿಸ್ನೇರಿಯಾದ ಬೇರು ಕೆಸರಿನಲ್ಲಿ, ಹಾಗಾಗಿ ಅದರ ರಿಬ್ಬನ್‌ನಂಥ ಎಲೆಗಳು ಇಳಿತದಲ್ಲಿ ಕೆಸರಿಗೆ ಅಂಟಿ ಮಲಗಿ ಉಬ್ಬರಕ್ಕೆ ಮತ್ತೆ ಎದ್ದು ನಿಲ್ಲುತ್ತವೆ. ಇಳಿತದಲ್ಲಿ ನದಿಯಿಂದ ಬೇರೆಯಾಗಿ ನೀರು ನಿಂತುಬಿಡುವ ಮೂಲೆಯ ಹೊಂಡಗಳಲ್ಲಿ ಅಲ್ಲೂ ಡಕ್‌ವೀಡೇ ದಟ್ಟ. ನಮ್ಮ ಬೆಂಗಳೂರಿನ ಕೆರೆಗಳಿಗಂತೂ ಉಬ್ಬರವೂ ಇಲ್ಲ, ಕೊಳಚೆಯಿಂದ ಬರುವ ಗೊಬ್ಬರಕ್ಕೆ ಕೊರತೆಯೂ ಇಲ್ಲ, ಇನ್ನೇನು ಬೇಕು!

ಅಂದ ಹಾಗೆ ನಿಮ್ಮ ಡಕ್‌ವೀಡ್ ಯಾವ ಬಗೆಯದು ಅಂತ ಒಂದನ್ನು ಉಗುರಿನ ಮೇಲಿಟ್ಟು ನೋಡಿ. ಒಂದೇ ಬೇರು ನೇತಾಡುತ್ತಿದ್ದರೆ ಲೆಮ್ನಾ. ಬೇರಿನ ಗೊಂಚಲಿದ್ದು ಎಲೆಯ ಅಡಿ ನೇರಳೆ ಬಣ್ಣವಿದ್ದರೆ ಸ್ಪೈರೋಡೆಲಾ.

ಸುಮ್ನೆ ಓದುಗ:
ಹಡ್ಸನ್‌ನಲ್ಲಿ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ. ವ್ರತದ ಹಿಟ್ಟಿಗೆ ಬಳಸುವ ಸಿಂಗಾಡದ ಜಾತಿಯ ಗಿಡ, ಟ್ರಾಪಾ, 1880ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಕೆರೆಗೆ ಬಂದು ಆಮೇಲೆ ಹಡ್ಸನ್‌ಗೂ ಇಳಿಯಿತು. ಎಲೆ ಮೇಲೆ ತೇಲುತ್ತದೆ, ದಂಟು ಕೆಸರಿಗೆ ಕಚ್ಚಿಕೊಂಡಿರುತ್ತದೆ. ಇಳಿತಕ್ಕೂ ಜಗ್ಗುವುದಿಲ್ಲ! ವ್ಯಾಲಿಸ್ನೇರಿಯಾ ಆಮ್ಲಜನಕವನ್ನು ನೀರಿಗೆ ಬಿಡುತ್ತದೆ, ಟ್ರಾಪಾ ಗಾಳಿಗೆ ಬಿಡುತ್ತದೆ. ಹಾಗಾಗಿ ಅದರ ಹಾಸಿನಡಿ ಮೀನಿಗೆ ಉಸಿರಾಡುವುದೇ ಕಷ್ಟ.

ತಾರಸಿ ತೊಟ್ಟಿ, ಜೆ.ಪಿ. ನಗರ:
ಹಾಗಾದರೆ ನಾನೇ ಉಬ್ಬರ ಮಾಡಬೇಕಾ?

ಕೆರೆ ಏರಿ:
ಹೂಂ, ಅಷ್ಟೇ. ಮೊದಲು ಜರಡಿಯಲ್ಲಿ ಆದಷ್ಟೂ ಬಳಿದು ತೆಗೆಯಿರಿ. ಆಮೇಲೆ ಪೈಪನ್ನು ತಳಕ್ಕೆ ಬಿಟ್ಟು, ಅಂಚಿನ ಮೇಲೆ ನೀರು ಉಕ್ಕಿ ಹರಿಯುವಷ್ಟು ತುಂಬಿಸಿ. ಮೇಲಿನ ಪದರ ತಾನಾಗಿ ಹೊರಗೆ ಹೋಗುತ್ತದೆ, ಅದನ್ನು ಬಟ್ಟೆಯಲ್ಲಿ ಸೋಸಿಕೊಳ್ಳಿ. ವಾರಕ್ಕೊಮ್ಮೆ ಹೀಗೆ ಮಾಡಿ, ಬಿಟ್ಟರೆ ಮತ್ತೆ ಮುಚ್ಚುತ್ತದೆ. ಮೀನಿದ್ದರೆ ಕ್ಲೋರಿನ್ ನೀರು ಬೇಡ. ಸೋಸಿದ್ದನ್ನು ಕುಂಡದ ಮಣ್ಣಿಗೆ ಹಾಕಿ, ಮೋರಿಗೆ ಬಿಡಬೇಡಿ, ನೇರ ಯಾವುದಾದರೂ ಕೆರೆಗೆ ಹೋಗಿ ಸೇರುತ್ತದೆ.