ರಶ್ಮಿಗೆ ದೊಡ್ಡಮ್ಮನ ಉತ್ತರ

ರಶ್ಮಿ, ನಿನ್ನ ಮೆಸೇಜ್ ಈಗ ನೋಡಿದೆ. ಭಾನುವಾರ ಮುರುಡೇಶ್ವರಕ್ಕೆ ಹೋಗುತ್ತೇವೆ, ಮಕ್ಕಳು ಎರಡು ವರ್ಷದಿಂದ ಪೂಲ್‌ನಲ್ಲಿ ಈಜುತ್ತಿದ್ದಾರೆ, ಸಮುದ್ರಕ್ಕೆ ಬಿಡಬಹುದಾ ಅಂತ ಕೇಳಿದ್ದೀಯ. ಓದಿದಾಗಿನಿಂದ ನನಗೆ ಗೋಪಾಲಣ್ಣನದೇ ನೆನಪು.

ನಿಮ್ಮ ಗೋಪಾಲ ಮಾವ ಈಜದ ಬಾವಿ ಇರಲಿಲ್ಲ, ಗೊತ್ತಲ್ಲ. 1978ರಲ್ಲಿ, ದೀಪಾವಳಿ ಕಳೆದ ಮೇಲೆ ಕಾಪುವಿಗೆ ಹೋಗಿದ್ದೆವು. ನಿನ್ನ ಅಮ್ಮ ನನ್ನ ಸೊಂಟದ ಮೇಲಿದ್ದಳು. ದೀಪಸ್ತಂಭದ ಬಂಡೆ ಪಕ್ಕ ಒಂದು ಕಡೆ ಮಾತ್ರ ಅಲೆ ಒಡೆಯುತ್ತಿರಲಿಲ್ಲ. ಆಚೆ ಈಚೆ ಬಿಳಿ ನೊರೆ, ನಡುವೆ ಸುಮ್ನೆ ಮಲಗಿದ ಹಾಗೆ ಕಪ್ಪು ನೀರು. ಇಲ್ಲಿ ಸಮಾಧಾನವಾಗಿದೆ ಅಂತ ಅಣ್ಣ ಅಲ್ಲೇ ಇಳಿದ. ನೋಡನೋಡುತ್ತಾ ತಲೆ ಸಣ್ಣದಾಯಿತು. ದಡಕ್ಕೆ ಮುಖ ಮಾಡಿ ಕೈ ಬಡಿಯುತ್ತಾನೆ, ಬಡಿಯುತ್ತಾನೆ, ಇದ್ದಲ್ಲೇ ಇದ್ದಾನೆ. ನನಗೆ ಕೂಗಲು ಬಾಯಿಯೇ ಬರಲಿಲ್ಲ. ಬಲೆ ಸರಿಮಾಡುತ್ತಿದ್ದ ಮೀನುಗಾರರು ದೋಣಿ ತಳ್ಳಿಕೊಂಡು ಹೋಗಿ ಎಳೆದು ತಂದರು. ಅವರಲ್ಲಿ ಹಿರಿಯರೊಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಅಲೆ ತಂದ ನೀರು ವಾಪಸ್ ಹೋಗಲು ದಾರಿ ಬೇಕಲ್ಲ ಮಗಾ, ನೀನು ಇಳಿದದ್ದು ಆ ದಾರಿಗೇ.

ಅದಕ್ಕೇ ಹೇಳುತ್ತೇನೆ, ಅಲೆ ಇಲ್ಲ ಅಂತ ಆ ಜಾಗಕ್ಕೆ ಮಕ್ಕಳನ್ನು ಇಳಿಸಬೇಡ. ಪೂಲ್‌ನ ನೀರು ಎಳೆಯುವುದಿಲ್ಲ, ಕಡಲು ಎಳೆಯುತ್ತದೆ. ಅದೇ ಮುರುಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹುಡುಗಿಯರು ಮುಳುಗಿ ಹೋದರಲ್ಲ. ಆವತ್ತು ನನಗೆ ಊಟ ಸೇರಲಿಲ್ಲ.

ನಮ್ಮ ಕಡಲ ಬದಿಯ ಮನೆ ಇದ್ದಿದ್ದರೆ ನಾನೇ ದಡದಲ್ಲಿ ನಿಂತು ನೋಡಿಕೊಳ್ಳುತ್ತಿದ್ದೆ. ಮಾರುವಾಗ ಮನೆಮಗಳನ್ನು ಒಂದು ಮಾತು ಕೇಳಲಿಲ್ಲ. ಸಹಿ ಬೇಕಾದಾಗ ಮಾತ್ರ ಕಾರು ಕಳಿಸಿದರು. ಆ ತೆಂಗಿನ ಗಿಡಗಳಿಗೆ ನಾನು ಕೊಡದಲ್ಲಿ ನೀರು ಹೊತ್ತಿದ್ದೇನೆ. ಈಗ ನಮ್ಮ ಮಕ್ಕಳು ಅದೇ ಕಡಲಿಗೆ ಹೊಸಬರ ಹಾಗೆ ಬರಬೇಕು. ದುಡ್ಡಿಗಲ್ಲ ರಶ್ಮಿ, ಕೇಳಬೇಕಿತ್ತು ಅಲ್ವಾ?

ಅಯ್ಯೋ, ನೀನು ಕೇಳಿದ್ದೇ ಉಳಿಯಿತು. ಕೆಂಪು ಬಾವುಟ ಇದ್ದರೆ ಕಾಲೂ ಒದ್ದೆ ಮಾಡಬೇಡಿ. ಲೈಫ್‌ಗಾರ್ಡ್ ನಿಂತಿರುವ ಕಡೆ ಮಾತ್ರ, ಮಂಡಿಯವರೆಗೆ ಮಾತ್ರ. ಎಲ್ಲಿ ಇಳಿಯಬಹುದು ಅಂತ ಅವರನ್ನೇ ಕೇಳು, ನಾಚಿಕೆ ಬೇಡ. ಸೆಳೆತಕ್ಕೆ ಸಿಕ್ಕರೆ ದಡಕ್ಕೆ ನೇರ ಈಜಬಾರದು. ಅಂಗಾತ ತೇಲಬೇಕು, ಕೈ ಎತ್ತಿ ಕೂಗಬೇಕು. ಶಕ್ತಿ ಇದ್ದರೆ ದಡದ ಉದ್ದಕ್ಕೆ, ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಿದ್ದು ಆಮೇಲೆ ದಡಕ್ಕೆ ತಿರುಗಬೇಕು. ಹೊರಡುವ ಮುಂಚೆ ಇಬ್ಬರ ಬಾಯಲ್ಲೂ ಇದನ್ನು ಹೇಳಿಸು. ಯಾರಾದರೂ ಸಿಕ್ಕಿಬಿದ್ದರೆ ನಿನ್ನ ಗಂಡ ಹಿಂದೆ ಹಾರುವುದು ಬೇಡ. ಹಗ್ಗವೋ, ಮುಚ್ಚಳ ಹಾಕಿದ ಖಾಲಿ ಡಬ್ಬವೋ ಎಸೆಯಲಿ, ಲೈಫ್‌ಗಾರ್ಡ್‌ನನ್ನು ಕರೆಯಲಿ, 112ಕ್ಕೆ ಫೋನ್ ಮಾಡಲಿ.

ಮತ್ತೆ ಹೇಳುತ್ತೇನೆ, ಅಲೆ ಒಡೆಯದ ಆ ಸುಮ್ಮನಿರುವ ನೀರಿಗೆ ಬೇಡ. ಕತ್ತಲಾಗುವ ಮೊದಲೇ ಮಕ್ಕಳನ್ನು ಮೇಲೆ ಕರಿ. ರೂಮಿಗೆ ಬಂದ ಕೂಡಲೇ ನನಗೊಂದು ಫೋನ್ ಮಾಡು, ಎಷ್ಟೇ ಹೊತ್ತಾಗಿರಲಿ.